ಮಣ್ಣು ಮೆತ್ತುವ ಕಪ್ಪೆ

ಮಳೆಗಾಲದ ರಾತ್ರಿ ಮಲೆನಾಡಿನ ಹಳ್ಳದಲ್ಲಿ ಟಾರ್ಚ್ ಹಿಡಿದು ಓಡಾಡೋರೆಲ್ಲ ಏಡಿ ಹಿಡಿಯೋರಲ್ಲ. ಕೆಲವರಿಗೆ ಕಪ್ಪೆ ಹುಚ್ಚು!

ಮೊದಲು ಕಿವಿ, ಆಮೇಲೆ ಕಣ್ಣು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ‘ಟೊಕ್... ಟೊಕ್’ ಅಂತ ಕೇಳಿಸ್ತಾ? ಮರಕುಟಿಗ ಅಲ್ಲ, ಕುಂಬಾರ ಕಪ್ಪೆ. ಹೊಸ ಪ್ರಭೇದ ಅಂತ ವಿಜ್ಞಾನಿಗಳು ದಾಖಲಿಸಿದ್ದೇ 2014ರಲ್ಲಿ.

ಹೆಣ್ಣು ನೀರಿನ ಮೇಲಿರೋ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೊರಟುಬಿಡುತ್ತೆ. ಉಳಿದಿದ್ದೆಲ್ಲ ಗಂಡಿನ ಪಾಲಿಗೆ. ಹಳ್ಳದ ಕೆಸರನ್ನು ಮುಂಗಾಲಲ್ಲಿ ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಗೆ ಮೆತ್ತುತ್ತೆ. ಮತ್ತೆ ಬಾಚುತ್ತೆ, ಮತ್ತೆ ಮೆತ್ತುತ್ತೆ. ಮೊಟ್ಟೆ ಒಣಗದಿರಲಿ, ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತ ಇರಬಹುದು.

ನೀವೂ ಹೋಗ್ತೀರಾ? ಅರಣ್ಯ ಇಲಾಖೆ ಅನುಮತಿ ತಗೊಳ್ಳಿ, ಗಮ್‌ಬೂಟ್ ಹಾಕ್ಕೊಳ್ಳಿ. ಕಪ್ಪೆ ಮುಟ್ಟಬೇಡಿ, ಅದು ಚರ್ಮದಿಂದಲೂ ಉಸಿರಾಡುತ್ತೆ, ನಿಮ್ಮ ಕೈಯಲ್ಲಿ ಸೊಳ್ಳೆ ಕ್ರೀಮ್ ಇರುತ್ತೆ. ಕೂಗನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಜಾಗ, ಹೊತ್ತು ಬರೆದಿಡಿ.