ಹಳೆಯ ಆಟ, ಹೊಸ ಪರದೆ

ಆದೋನಿ, ಕೋಸಿಗಿ, ಹೊಳಗುಂದಗಳ ಮನೆಗಳಲ್ಲಿ ಹೊಸ ಎಚ್‌ಡಿ ಟಿವಿಗೆ ಅಗ್ಗದ ವಿಡಿಯೊ ಗೇಮ್ ಜೋಡಿಸಿದರೆ ಚಿತ್ರ ಮಸುಕಾಗಿ ಕಾಣುವುದುಂಟು. ಟಿವಿ ಕೆಟ್ಟಿತೆಂದು ಪಾಲಕರು ಗಾಬರಿಗೊಳ್ಳಬೇಕಾಗಿಲ್ಲ. ಕಾರಣವು ಶಾಲೆಯ ಭಾಗಾಕಾರದಲ್ಲಿಯೇ ಅಡಗಿದೆ.

ಇಂತಹ ಅನೇಕ ಗೇಮ್‌ಗಳು 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರ ಚಿತ್ರದಲ್ಲಿ ಸಾಲಿಗೆ 256 ಚುಕ್ಕೆಗಳಂತೆ 240 ಸಾಲುಗಳು, ಒಟ್ಟು 61,440 ಚುಕ್ಕೆಗಳು. ಫುಲ್ ಎಚ್‌ಡಿ ಪರದೆಯಲ್ಲಿ 1080 ಸಾಲುಗಳು, 20,73,600 ಚುಕ್ಕೆಗಳು. 1080ನ್ನು 240ರಿಂದ ಭಾಗಿಸಿದರೆ ನಾಲ್ಕೂವರೆ. ಅರ್ಧ ಸಾಲನ್ನು ಬೆಳಗಿಸಲಾಗದ ಕಾರಣ ಟಿವಿಯು ಅಕ್ಕಪಕ್ಕದ ಬಣ್ಣಗಳನ್ನು ಬೆರೆಸುತ್ತದೆ. ಮಸುಕು ಹುಟ್ಟುವುದು ಅಲ್ಲಿಯೇ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಹೀಗೆ ಹಿಗ್ಗಿಸುವ ಅಗತ್ಯವಿರಲಿಲ್ಲ. ಅದರಲ್ಲಿ ಚುಕ್ಕೆಗಳ ಅಂಚು ನಯವಾಗಿ ಬೆರೆಯುತ್ತಿತ್ತು.

ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆಯನ್ನು 4:3 ಮಾಡಿದರೆ ಗೊಂಬೆಗಳು ದಪ್ಪಗೆ ಕಾಣುವುದಿಲ್ಲ. ಗೇಮ್ ಮೋಡ್ ಇದ್ದರೆ ಗುಂಡಿ ಒತ್ತಿದ ಮೇಲಿನ ವಿಳಂಬವೂ ಕಡಿಮೆಯಾಗುತ್ತದೆ.

ಆದರೆ ಪೆಟ್ಟಿಗೆಯ ಮೇಲೆ ‘ಎಚ್‌ಡಿ’ ಎಂದು ಅಚ್ಚಾದ ಮಾತ್ರಕ್ಕೆ, ಎಚ್‌ಡಿಎಂಐ ತಂತಿ ಇದ್ದ ಮಾತ್ರಕ್ಕೆ, ಆಟದಲ್ಲಿ ಇಲ್ಲದ ಚುಕ್ಕೆಗಳು ಹುಟ್ಟಲಾರವು. ಆ ಎರಡಕ್ಷರಕ್ಕೆಂದೇ ಹೆಚ್ಚು ಹಣ ತೆರುವ ಮುನ್ನ ಅಂಗಡಿಯಲ್ಲಿಯೇ ಆಡಿಸಿ ನೋಡುವುದು ಲೇಸು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಪೆಟ್ಟಿಗೆಯ ಲೇಬಲ್ ಕೂಡ ಜಾಹೀರಾತೇ. ವಸ್ತುವಿನ ಬಗ್ಗೆ ಅದರಲ್ಲಿ ಸುಳ್ಳು ವರ್ಣನೆಯಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದ್ದರಿಂದ ಬಿಲ್ಲನ್ನು ಕೇಳಿ ಪಡೆಯಿರಿ, ಪೆಟ್ಟಿಗೆಯನ್ನು ಎಸೆಯಬೇಡಿ.