ಗುಂಡಿಯ ಮೇಲೊಂದು ಗೆರೆ

ಕಂಪ್ಯೂಟರ್ ಪರದೆಯ ಮೇಲೆ ಒಂದು ಕಿಟಕಿ. ಅದರೊಳಗೆ ಒತ್ತುವ ಗುಂಡಿ, ಹೆಸರು ತುಂಬುವ ಚೌಕ. ಆ ಗುಂಡಿಯ ಮೇಲೆ ಹಾಯುವಂತೆ ಒಂದು ಕೆಂಪು ಗೆರೆ ಎಳೆಯಬೇಕು. ನೋಡುವವರಿಗೆ ಇದು ಸುಲಭದ ಕೆಲಸ. ಆದರೆ ತಂತ್ರಾಂಶ ಬರೆಯುವವರಿಗೆ ಬಹುಕಾಲ ತಲೆನೋವಾಗಿದ್ದ ಕೆಲಸ. ಗೆರೆ ಗುಂಡಿಯ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ಇಲ್ಲವೆ ಎಳೆದ ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋಗುತ್ತಿತ್ತು. ಏಕೆ?

ಪರದೆಗೆ ನಿಜವಾಗಿ ಮೇಲು, ಅಡಿ ಎಂಬುದಿಲ್ಲ. ಅದು ಸ್ಲೇಟಿನಂತೆ ಒಂದೇ ಪದರ. ಹೊಸದನ್ನು ಬರೆದರೆ ಅಲ್ಲಿದ್ದದ್ದು ಹೋಯಿತು. ಕಾಗದಗಳನ್ನು ಒಂದರ ಮೇಲೊಂದು ಹರಡಿದಂಥ ಕಿಟಕಿಗಳ ನೋಟ 1970ರ ದಶಕದಲ್ಲಿ ಅಮೆರಿಕದ ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. 1979ರಲ್ಲಿ ಅದನ್ನು ನೋಡಿಬಂದ ಆಪಲ್ ಕಂಪನಿಯ ಬಿಲ್ ಅಟ್ಕಿನ್‌ಸನ್, ಅರ್ಧ ಮುಚ್ಚಿದ ಕಿಟಕಿಯಲ್ಲೂ ಕಾಣುವ ಭಾಗವಷ್ಟೇ ತಾನಾಗಿ ಚಿತ್ರಿತವಾಗುತ್ತದೆಂದು ಭಾವಿಸಿದರು. ವಾಸ್ತವವಾಗಿ ಅಲ್ಲಿ ಆ ಸೌಲಭ್ಯವಿರಲಿಲ್ಲ. ಇದೆಯೆಂದು ನಂಬಿ ಅವರೇ ಅದನ್ನು ಸಾಧಿಸಿದರು!

1984ರ ಮೆಕಿಂಟಾಷ್‌ನ ಸ್ಮರಣೆ ಕೇವಲ 128 ಕಿಲೊಬೈಟ್. ಪರದೆ ತುಂಬುವ ಒಂದು ಕಪ್ಪು-ಬಿಳುಪು ಚಿತ್ರಕ್ಕೇ ಸುಮಾರು 22 ಕಿಲೊಬೈಟ್ ಬೇಕು. ಪ್ರತಿ ಕಿಟಕಿಯ ಚಿತ್ರವನ್ನೂ ಬೇರೆಯಾಗಿ ಕಾದಿಡುವುದು ಕೈಗೆಟುಕದ ಮಾತು. ಹಾಗಾಗಿ ಪರದೆಯನ್ನು ಜಮೀನಿನಂತೆ ಹಂಚಲಾಯಿತು. ಅವರವರ ಗಡಿಯೊಳಗೆ ಅವರವರೇ ಬರೆಯಬೇಕು, ಅಳಿದರೆ ಅವರೇ ಮತ್ತೆ ಬರೆಯಬೇಕು. ಮೈಕ್ರೋಸಾಫ್ಟ್‌ನ 1985ರ ಮೊದಲ ವಿಂಡೋಸ್‌ನಲ್ಲಿ ಮುಖ್ಯ ಕಿಟಕಿಗಳು ಪಕ್ಕಪಕ್ಕದಲ್ಲಷ್ಟೇ ಇರಬಹುದಿತ್ತು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಬಂದವು. ವಿಂಡೋಸ್ ಲೆಕ್ಕದಲ್ಲಿ ಗುಂಡಿಯೂ ಒಂದು ಪುಟ್ಟ ಕಿಟಕಿಯೇ. ಅದರ ಮೇಲೆ ಬೇರೆಯವರು ಎಳೆದ ಗೆರೆ ಅತಿಕ್ರಮಣ.

ಸ್ಮರಣೆ ಅಗ್ಗವಾದಂತೆ ದಾರಿ ತೆರೆಯಿತು. ವಿಂಡೋಸ್ 2000 ಪಾರದರ್ಶಕ ಕಿಟಕಿಗೆ ಅವಕಾಶ ಕೊಟ್ಟಿತು. 2001ರ ಮ್ಯಾಕ್ ಓಎಸ್ ಎಕ್ಸ್, 2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಪ್ರತಿ ಕಿಟಕಿಗೂ ಪ್ರತ್ಯೇಕ ಹಾಳೆ ಕೊಟ್ಟು, ಎಲ್ಲವನ್ನೂ ಕೊನೆಯಲ್ಲಿ ಜೋಡಿಸಿ ತೋರಿಸಿದವು. ಈಗ ಗುಂಡಿಯನ್ನು ಮುಟ್ಟದೆ, ಅದರ ಮೇಲೆ ಗಾಜಿನಂಥ ಹಾಳೆ ಹಾಸಿ ಅದರಲ್ಲಿ ಗೆರೆ ಎಳೆಯಬಹುದು. ಒತ್ತಿದ್ದು ಮಾತ್ರ ಕೆಳಗಿನ ಗುಂಡಿಗೇ ತಲುಪುವಂತೆ ಮಾಡಬಹುದು.

ಅಪಾಯವಿರುವುದೂ ಇಲ್ಲೇ. ‘ಒಪ್ಪಿದೆ’ ಎಂಬ ಗುಂಡಿಯ ಮೇಲೆ ‘ಬೇಡ’ ಎಂದು ಬರೆದು ಯಾರಾದರೂ ವಂಚಿಸಿದರೆ? ಅದಕ್ಕಾಗಿಯೇ ವಿಸ್ತಾದಲ್ಲಿ ಒಂದು ಕಾವಲು ಬಂತು. ಯಾವುದಾದರೂ ತಂತ್ರಾಂಶ ಕಂಪ್ಯೂಟರಿನ ವ್ಯವಸ್ಥೆಯನ್ನೇ ಬದಲಿಸಲು ಹೊರಟಾಗ ಪರದೆಯೆಲ್ಲ ಮಬ್ಬಾಗಿ, ಅನುಮತಿ ಕೇಳುವ ಪ್ರಶ್ನೆಯೊಂದೇ ಎದ್ದು ಕಾಣುತ್ತದೆ. ಆ ಪ್ರಶ್ನೆ ಇರುವುದು ಸಾಮಾನ್ಯ ತಂತ್ರಾಂಶಗಳು ಗೆರೆ ಎಳೆಯಲಾಗದ ಬೇರೊಂದು ಪರದೆಯ ಮೇಲೆ. ಮೊಬೈಲ್‌ಗಳ ಆಂಡ್ರಾಯ್ಡ್ ಕೂಡ 2021ರ ಹನ್ನೆರಡನೆಯ ಆವೃತ್ತಿಯಿಂದ, ಅನ್ಯ ತಂತ್ರಾಂಶದ ಹೊದಿಕೆಯ ಮೂಲಕ ಕೆಳಗಿಳಿಯುವ ಸ್ಪರ್ಶವನ್ನು ಬಹುತೇಕ ತಡೆಯುತ್ತದೆ. ಸ್ಮರಣೆ ಸಾಲದೆ ಹಾಕಿದ ಹಳೆಯ ಗಡಿ ಈಗ ಇಲ್ಲ. ಬಳಸುವವರ ಒಪ್ಪಿಗೆಯನ್ನು ಕಾಯಲು ಹೊಸ ಗಡಿ ಬೇಕಾಗಿದೆ.