ಕದರಮಂಡಲಗಿಗೆ ಧಾರವಾಡ ಕೇಳುತ್ತಾ?

ಬ್ಯಾಡಗಿ ಅಂದ್ರೆ ಮೆಣಸಿನಕಾಯಿ, ಕದರಮಂಡಲಗಿ ಅಂದ್ರೆ ಕಾಂತೇಶ ಹನುಮಪ್ಪ. ಇಷ್ಟು ನಮಗೆಲ್ಲ ಗೊತ್ತು. ಆದರೆ ಈ ಸೀಮೆ ಹಾಡುಗಾರರದ್ದೂ ಹೌದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ತತ್ವಪದದ ಶಿಶುನಾಳ ಶರೀಫರು ಎಲ್ಲರೂ ಇದೇ ಹಾವೇರಿ ಜಿಲ್ಲೆಯವರು. ಹಾಗಿದ್ದೂ ಇಲ್ಲಿ ಮೊಬೈಲ್‌ನ ರೇಡಿಯೋ ಹಚ್ಚಿದರೆ ಖಯಾಲ್ ಆಗಲಿ ತತ್ವಪದ ಆಗಲಿ ಸಿಗೋದು ಅಪರೂಪ. ‘ಈಗಿನವರಿಗೆ ಅದೆಲ್ಲ ಬೇಡ’ ಅಂತ ಮಾತು ಮುಗಿಸಿಬಿಡ್ತಾರೆ. ನಮ್ಮ ಪ್ರಕಾರ ಅರ್ಧ ಕಾರಣ ಆಂಟೆನಾದಲ್ಲೇ ಇದೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅದರ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿ ನೋಡಿ, ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟುದ್ದದ ಅಲೆ ನೆಲ ಹಿಡಿದುಕೊಂಡೇ ಸಾಗುತ್ತೆ, ನೂರು ಕಿಲೋಮೀಟರ್ ಆಚೆಯ ಕದರಮಂಡಲಗಿಯನ್ನೂ ಮುಟ್ಟುತ್ತೆ. ಎಫ್‌ಎಂ ಅಲೆ ಮೂರು ಮೀಟರ್ ಅಷ್ಟೇ. ಹೆಚ್ಚುಕಮ್ಮಿ ಟವರ್‌ಗೆ ಕಾಣುವಷ್ಟು ದೂರ ಅದರ ಓಟ. ಆದರೆ ಮೀಡಿಯಂ ವೇವ್ ಹಿಡಿಯೋಕೆ ಫೆರೈಟ್ ಕಡ್ಡಿಗೆ ಸುತ್ತಿದ ಕಾಯಿಲ್ ಬೇಕು, ಫೋನ್‌ನಲ್ಲಿ ಅದಕ್ಕೆ ಜಾಗವಿಲ್ಲ. ಇಯರ್‌ಫೋನ್ ವೈರನ್ನೇ ಆಂಟೆನಾ ಮಾಡಿಕೊಳ್ಳೋ ಎಫ್‌ಎಂ ಮಾತ್ರ ಒಳಗೆ ಬಂತು. (ಹೊಸ ಫೋನ್‌ಗಳಲ್ಲಿ ಎಷ್ಟೋ ಸಲ ಅದೂ ಇರಲ್ಲ ಬಿಡಿ.) ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯ ಹೀಗೆ ನಮ್ಮ ಜೇಬಿನ ಹೊರಗೇ ಉಳಿಯಿತು.

ಇನ್ನರ್ಧ ಕಾರಣ ಗಡಿಯಾರ. ಖಾಸಗಿ ಎಫ್‌ಎಂ ಬದುಕೋದು ಜಾಹೀರಾತಿನಿಂದ: ನಾಲ್ಕು ನಿಮಿಷದ ಹಾಡು, ಆರ್‌ಜೆ ಮಾತು, ಮತ್ತೆ ಜಾಹೀರಾತು. ವಿಲಂಬಿತ ಖಯಾಲ್‌ಗೆ ಅರ್ಧ ಗಂಟೆಯೂ ಸಾಲದು. ಹಾಗಂತ ಹಳಬರಿಗೆ ಚಿಕ್ಕದಾಗಿ ಹಾಡೋಕೆ ಬರ್ತಿರಲಿಲ್ಲ ಅಂತಲ್ಲ. 78 ಆರ್‌ಪಿಎಂ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಗಂಗೂಬಾಯಿ ಹಾನಗಲ್ ಅಷ್ಟರಲ್ಲೇ ರಾಗದ ಮುಖ ತೋರಿಸಿದ್ದರು. ಎರಡು ಸಿನಿಮಾ ಹಾಡಿನ ನಡುವೆ ಅಂಥದ್ದೊಂದು ಆರಾಮಾಗಿ ಕೂರುತ್ತೆ, ಹಾಕುವವರು ಬೇಕಷ್ಟೇ.

ಆಕಾಶವಾಣಿಯೂ ಎಲ್ಲ ಹಳೆಯದಕ್ಕೂ ಬಾಗಿಲು ತೆರೆದಿತ್ತು ಅನ್ನೋ ಹಾಗಿಲ್ಲ. ಹಾರ್ಮೋನಿಯಂನಲ್ಲಿ ಮೀಂಡ್, ಗಮಕ ಬರಲ್ಲ ಅಂತ 1940ರಲ್ಲಿ ಅದನ್ನೇ ಹೊರಗಿಟ್ಟಿತು; ನಿಷೇಧ ಸಡಿಲಾದದ್ದು 1971ರಲ್ಲಿ. ಅಂದರೆ ಧಾರವಾಡ ನಿಲಯದ ಮೊದಲ ಇಪ್ಪತ್ತು ವರ್ಷವೂ ಆ ನಿಷೇಧದ ಕಾಲವೇ. ಪೇಟಿ ಇಲ್ಲದ ಭಜನೆಯನ್ನ ನಮ್ಮ ಕಡೆ ಯಾರು ಭಜನೆ ಅಂದಾರು?

ಈಗ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಧಾರವಾಡ ಸಿಗುತ್ತೆ. ಫೆರೈಟ್ ಕಡ್ಡಿ ಬೇಡ, ಹಾಸ್ಟೆಲ್ ವೈಫೈ ಸಾಕು.